ಪಾಸ್‌ವರ್ಡ್ ಬರೆದಿಟ್ಟ ಬ್ರೈಲ್ ಪುಸ್ತಕ

ನನ್ನ ಜಾಗಕ್ಕೆ ಬಂದಿರುವ ಇಬ್ಬರು ಹೊಸ ಶಿಕ್ಷಕರು ಮೊನ್ನೆ ಫೋನ್ ಮಾಡಿ, “ಸರ್, ನಿಮ್ಮ ಹಳೆಯ ನೋಟ್ಸ್ ಏನಾದರೂ ಇದ್ದರೆ ಕೊಡಿ” ಎಂದು ಕೇಳಿದರು. ನೋಟ್ಸ್ ಇಲ್ಲ. ಮೂವತ್ತೊಂದು ವರ್ಷ ಕುರುಡರಿಗೆ ಟೈಪಿಂಗ್, ಕಂಪ್ಯೂಟರ್, ಆಮೇಲೆ ಮೊಬೈಲ್ ಫೋನ್ ಕಲಿಸಿದ ನಾನು ಶ್ರದ್ಧೆಯಿಂದ ಬರೆದಿಟ್ಟದ್ದು ಒಂದೇ ಒಂದು ಪುಸ್ತಕ. ಅದನ್ನೂ ನನ್ನ ಕೈಯಾರೆ ಹಾಳು ಮಾಡಿ ಬಂದಿದ್ದೇನೆ. ಹಾಗಾಗಿ ನೋಟ್ಸಿನ ಬದಲು ಆ ಪುಸ್ತಕದ ಕಥೆಯನ್ನೇ ಹೇಳುತ್ತೇನೆ. ನನಗೆ ಬಡ್ತಿ ಯಾವಾಗ ಸಿಕ್ಕಿತು, ಶಾಲು ಯಾರು ಹೊದಿಸಿದರು ಎಂಬುದರಿಂದ ನಿಮಗೆ ಏನೂ ಆಗಬೇಕಾದ್ದಿಲ್ಲ.

ನನ್ನ ವಿಚಾರ ಎರಡು ಮಾತು. ಊರು ಕಾಪುವಿನ ಹತ್ತಿರ. ಅಪ್ಪ ಗ್ರಾಂಟ್ ರೋಡಿನ ಒಂದು ಹೋಟೆಲಿನಲ್ಲಿ ದೋಸೆಯ ಕಾವಲಿಯ ಮುಂದೆ ಆಯುಷ್ಯ ಕಳೆದವರು. ನನಗೆ ಒಂಬತ್ತನೇ ವಯಸ್ಸಿಗೆ ಜ್ವರ ಬಂದು ಎರಡೂ ಕಣ್ಣು ಹೋದವು. ಅಪ್ಪ ನನ್ನನ್ನು ಮುಂಬಯಿಗೆ ಕರೆತಂದು ಅಂಧರ ಶಾಲೆಗೆ ಹಾಕಿದರು. ಓದು ಮುಗಿಸಿದ ಮೇಲೆ, ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ಏಳು ನಿಮಿಷ ನಡೆದರೆ ಸಿಗುವ ಒಂದು ತರಬೇತಿ ಕೇಂದ್ರಕ್ಕೆ ಟೈಪಿಂಗ್ ಮಾಸ್ತರನಾಗಿ ಸೇರಿಕೊಂಡೆ. ಕೆಳಗಿನ ಅಂಗಡಿಯಲ್ಲಿ ವಡಾ ಕರಿಯುವ ವಾಸನೆ ಬಂದರೆ ನಮ್ಮ ಜಿನಾ ಬಂತು ಎಂದು ನಿವೃತ್ತಿಯ ದಿನದವರೆಗೂ ಗುರುತು ಹಿಡಿಯುತ್ತಿದ್ದೆ. ‘ಜಿನಾ’ ಅಂದರೆ ಮರಾಠಿಯಲ್ಲಿ ಮೆಟ್ಟಿಲು. ಈ ಊರಲ್ಲಿ ನಮ್ಮ ಕನ್ನಡಕ್ಕೆ ಇಂಥವು ಅಂಟಿಕೊಳ್ಳುತ್ತವೆ.

ಕೇಂದ್ರದ ಮುಖ್ಯಸ್ಥರು ದೇಶಪಾಂಡೆ ಸಾಹೇಬರು, ಬೆಳಗಾವಿಯವರು, ಅವರೂ ಅಂಧರು, ಹುಟ್ಟಿನಿಂದಲೇ. ಶಿಸ್ತು ಎಂದರೆ ಶಿಸ್ತು. ಕುರ್ಚಿ ಒಂದು ಗೇಣು ಸರಿದ ಸದ್ದಾದರೂ ಕಾರಿಡಾರಿನಿಂದಲೇ ಗದರುತ್ತಿದ್ದರು. ಕುರುಡರಿಗೆ ಕುರುಡರೇ ಕಲಿಸಬೇಕು, ಕಣ್ಣಿದ್ದವರು ಕಲಿಸಿದರೆ ಅರ್ಧ ಕೆಲಸ ತಾವೇ ಮಾಡಿಬಿಡುತ್ತಾರೆ ಎಂಬುದು ಅವರ ವಾದ. ಆ ಕಾಲದಲ್ಲಿ ನಮ್ಮ ಆಯುಧಗಳು ಬಡವರ ಆಯುಧಗಳು. ಫಾರಂನಲ್ಲಿ ಸಹಿ ಹಾಕುವ ಜಾಗ ತಿಳಿಯದವರಿಗೆ ನಾನು ಬ್ರೈಲಿನ ದಪ್ಪ ಕಾಗದದಲ್ಲಿ ಒಂದು ಕಿಟಕಿ ಕತ್ತರಿಸಿಕೊಡುತ್ತಿದ್ದೆ. ಕಾಗದವನ್ನು ಫಾರಂ ಮೇಲಿಟ್ಟು ಕಿಟಕಿಯೊಳಗೆ ಪೆನ್ನು ಆಡಿಸಿದರೆ ಸಹಿ ಸರಿಯಾದ ಜಾಗದಲ್ಲೇ ಬೀಳುತ್ತಿತ್ತು. ಅಂಥ ಕಿಟಕಿಗಳನ್ನು ಎಷ್ಟು ಕತ್ತರಿಸಿದ್ದೇನೋ, ಕತ್ತರಿ ಹಿಡಿದ ಬೆರಳಲ್ಲಿ ಗಂಟು ಈಗಲೂ ಇದೆ.

ಆಮೇಲೆ ಕಂಪ್ಯೂಟರ್ ಬಂತು, ಅದರ ಜೊತೆಗೆ ಸ್ಕ್ರೀನ್ ರೀಡರ್ ಬಂತು. ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ ಅದು. ಮೊದಲ ಸಲ ಅದರ ಸ್ವರ ಕೇಳಿದಾಗ, ಡಬ್ಬದೊಳಗೆ ಕೂತು ಯಾರೋ ಇಂಗ್ಲಿಷಿನಲ್ಲಿ ಜಗಳಾಡುತ್ತಿದ್ದಾರೆ ಅನ್ನಿಸಿತು. ಆದರೆ ಪತ್ರಿಕೆಯನ್ನು ಯಾರ ಹಂಗೂ ಇಲ್ಲದೆ ಓದಿದ ಆ ಬೆಳಿಗ್ಗೆ ನಾನು ಸಂತೋಷದಿಂದ ಅತ್ತದ್ದು ನಿಜ.

ಕಂಪ್ಯೂಟರಿನ ಹಿಂದೆಯೇ ಪಾಸ್‌ವರ್ಡ್ ಎಂಬ ಶನಿ ಬಂತು. ಎಲ್ಲವನ್ನೂ ಓದಿ ಹೇಳುವ ಸ್ಕ್ರೀನ್ ರೀಡರ್, ಪಾಸ್‌ವರ್ಡ್ ಒತ್ತುವಾಗ ಮಾತ್ರ ‘ಸ್ಟಾರ್, ಸ್ಟಾರ್, ಸ್ಟಾರ್’ ಎಂದು ಬಾಯಿ ಮುಚ್ಚಿಕೊಳ್ಳುತ್ತಿತ್ತು. ತಪ್ಪು ಅಕ್ಷರ ಬಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ವಾರಕ್ಕೊಬ್ಬರು ತಮ್ಮ ಖಾತೆಯಿಂದ ತಾವೇ ಹೊರಗೆ ಬಿದ್ದು ನನ್ನ ಮುಂದೆ ಬಂದು ನಿಲ್ಲುತ್ತಿದ್ದರು. ಸಾಹೇಬರು ಉಪಾಯ ಮಾಡಿದರು. ಎಲ್ಲ ವಿದ್ಯಾರ್ಥಿಗಳ ಪಾಸ್‌ವರ್ಡ್ ಒಂದು ಪುಸ್ತಕದಲ್ಲಿ ಬರೆದಿಡಬೇಕು, ಅದೂ ಬ್ರೈಲಿನಲ್ಲಿ. “ಕಣ್ಣಿದ್ದವರಿಗೆ ಓದಾಕ ಬರಂಗಿಲ್ಲ. ಇದಕ್ಕಿಂತ ಭದ್ರ ತಿಜೋರಿ ಯಾವುದೈತಿ, ಹೇಳ್ರಿ?” ಎಂದು ಅವರು ಮೇಜು ತಟ್ಟಿದರು. ನನಗೂ ಹೌದೆನ್ನಿಸಿತು.

ಹೆಸರು, ಹೆಸರಿನ ಮುಂದೆ ಪಾಸ್‌ವರ್ಡ್, ಹೀಗೆ ವರ್ಷಗಟ್ಟಲೆ ಬ್ರೈಲ್ ಚುಕ್ಕಿ ಚುಚ್ಚಿ ಬರೆದೆ. ಫೋನುಗಳು ಬಂದ ಮೇಲೆ ಅವುಗಳ ಲಾಕ್ ನಂಬರನ್ನೂ ಸೇರಿಸಿದೆ. ಪುಸ್ತಕವನ್ನು ಬಾಗಿಲ ಪಕ್ಕದ ತೆರೆದ ಕಪಾಟಿನಲ್ಲಿ ಇಟ್ಟಿದ್ದೆವು. ಅದೇ ಕೋಣೆಯಲ್ಲಿ ದಿನವೂ ಬ್ರೈಲ್ ಓದಬಲ್ಲ ನಲವತ್ತು ಮಂದಿ ಓಡಾಡುತ್ತಿದ್ದರು ಎಂಬ ಸರಳ ಸಂಗತಿ ನಮ್ಮಿಬ್ಬರ ತಲೆಗೂ ಹೊಳೆಯಲಿಲ್ಲ. ಗುಟ್ಟು ಕಾಯಬೇಕಾದ್ದು ಕಣ್ಣಿದ್ದವರಿಂದ ಮಾತ್ರ ಎಂದು ನಂಬಿ ಕೂತಿದ್ದೆವು. ಇಂಥ ತಪ್ಪು ಮಾಡಲು ನಮ್ಮಂಥ ಕುರುಡರಿಗೆ ಮಾತ್ರ ಸಾಧ್ಯ.

ಕಣ್ಣಿದ್ದವರಿಂದಾದರೂ ನಾನು ಗುಟ್ಟು ಕಾಯುತ್ತಿದ್ದೆನೇ? ಅದೂ ಇಲ್ಲ. ಒಮ್ಮೆ ಘಾಟ್ಕೋಪರಿನಿಂದ ಲೋಕಲ್ ಹತ್ತಿ, ಇಯರ್‌ಫೋನ್ ಸಿಕ್ಕಿಸಿಕೊಂಡು, ನನ್ನ ಭಾವನಿಗೆ ಸಿಟ್ಟಿನಲ್ಲಿ ಒಂದು ಉದ್ದದ ಮೆಸೇಜ್ ಬರೆಯುತ್ತಿದ್ದೆ. ಮನೆತನದ ಜಗಳ, ಮಾತು ಸ್ವಲ್ಪ ದಪ್ಪಗೇ ಇತ್ತು. ಭಾವನಿಗೆ ಕನ್ನಡ ಓದಲು ಬಾರದ್ದರಿಂದ ಹಿಂದಿಯಲ್ಲೇ ಬರೆಯುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಅಪರಿಚಿತರೊಬ್ಬರು ಮೆಲ್ಲಗೆ ನನ್ನ ಮೊಣಕೈ ಮುಟ್ಟಿ, “ಅಂಕಲ್, ಇತನಾ ಗುಸ್ಸಾ ಮತ್ ಲಿಖೋ. ರಿಶ್ತೇದಾರ್ ಹೈ” ಅಂದರು. ಅಷ್ಟು ಸಿಟ್ಟಿನಲ್ಲಿ ಬರೆಯಬೇಡಿ, ನೆಂಟರಲ್ಲವೇ ಎಂಬ ಬುದ್ಧಿವಾದ! ನನ್ನ ಕಿವಿಗೆ ಮಾತ್ರ ಕೇಳುತ್ತಿದೆ ಎಂದುಕೊಂಡಿದ್ದ ನನ್ನ ಪರದೆ ಇಡೀ ಬೆಂಚಿಗೆ ಬೆಳಗುತ್ತಿತ್ತು. ಪರದೆಯನ್ನು ಪೂರ್ತಿ ಕಪ್ಪು ಮಾಡಿ, ಸ್ವರದಲ್ಲಷ್ಟೇ ಕೆಲಸ ಮಾಡುವ ಸೌಲಭ್ಯ ಫೋನಿನಲ್ಲೇ ಇತ್ತು. ಅದನ್ನು ಮಾಸ್ತರನಾದ ನಾನೇ ಬಳಸುತ್ತಿರಲಿಲ್ಲ. ಮರುದಿನದಿಂದ ಅದು ನನ್ನ ಮೊದಲ ಪಾಠವಾಯಿತು. ಅಂದಹಾಗೆ, ಆ ಮೆಸೇಜನ್ನು ಕಳಿಸಲಿಲ್ಲ.

ಈಗ ರೇಣುಕಾಳ ವಿಷಯಕ್ಕೆ ಬರುತ್ತೇನೆ. ಬಾಗಲಕೋಟೆ ಕಡೆಯ ಹುಡುಗಿ, ಇಪ್ಪತ್ತೆಂಟರ ಪ್ರಾಯ, ಒಂದು ಆಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರ್. ಘಾಟ್ಕೋಪರಿನ ಒಂದು ಚಾಳಿನಲ್ಲಿ ಅಣ್ಣ ಹನುಮಂತನ ಸಂಸಾರದ ಜೊತೆ ಇದ್ದಳು. ಅಣ್ಣ ಬಿಲ್ಡಿಂಗುಗಳಲ್ಲಿ ಟೈಲ್ಸ್ ಕೂರಿಸುವ ಮೇಸ್ತ್ರಿ. ತಂಗಿಯನ್ನು ಕೈ ಹಿಡಿದು ಮುಂಬಯಿಗೆ ತಂದವನೂ, ಓದಿಸಿದವನೂ ಅವನೇ. ಅವಳಿಗೆ ಬಂದ ಪ್ರತಿಯೊಂದು ಕಾಗದವನ್ನು, ಆಮೇಲೆ ಪ್ರತಿಯೊಂದು ಮೆಸೇಜನ್ನು ಓದಿ ಹೇಳುತ್ತಿದ್ದವನೂ ಅವನೇ. ಅವಳು ಸ್ಕ್ರೀನ್ ರೀಡರ್ ಕಲಿತ ಮೇಲೂ ಆ ಅಭ್ಯಾಸ ಅವನಿಗೆ ಬಿಡಲಿಲ್ಲ.

ಕ್ಲಾಸಿಗೆ ಸೇರಿದ ದಿನ ಏನು ಕಲಿಯಬೇಕು ಎಂದು ಕೇಳಿದೆ. ಬೇರೆಯವರು ಇಮೇಲ್, ಎಕ್ಸೆಲ್ ಎಂದು ಹೇಳುತ್ತಾರೆ. ಇವಳು ಹೇಳಿದ್ದು ಬೇರೆ. “ಸರ್, ನನಗ ಬಂದ ಪತ್ರಾನ ನಾನ ಮೊದ್ಲ ಓದಬೇಕ್ರಿ. ಹುಟ್ಟಿದಾಗಿಂದ ನನ್ನ ಸುದ್ದಿ ಎಲ್ಲಾ ನಾ ಎರಡನೇದಾಗಿ ಕೇಳೇನಿ.”

ಅವಳು ದುಡಿಯುವ ಹೆಂಗಸರ ಒಂದು ಹಾಸ್ಟೆಲಿಗೆ ಅರ್ಜಿ ಹಾಕಿದ್ದಳು. ಆಸ್ಪತ್ರೆಗೆ ನಡೆದು ಹೋಗುವಷ್ಟು ಹತ್ತಿರ, ಸ್ವಂತದ ಒಂದು ಮಂಚ, ಒಂದು ಕಪಾಟು. ಜಾಗ ಸಿಗುವುದು ಕಷ್ಟ. ಸಿಕ್ಕಿತೆಂದು ಇಮೇಲ್ ಬಂದರೆ ಹೇಳಿದ ಗಡುವಿನೊಳಗೆ ಅದೇ ಇಮೇಲಿಗೆ ಒಪ್ಪಿಗೆ ಬರೆಯಬೇಕು, ಇಲ್ಲದಿದ್ದರೆ ಜಾಗ ಪಟ್ಟಿಯಲ್ಲಿ ಮುಂದಿನವರಿಗೆ. ಸೀಟು ಸಿಕ್ಕ ಮೇಲೆ ಅಣ್ಣನಿಗೆ ತಾನೇ ಹೇಳಬೇಕು ಎಂದು ಅವಳು ತೀರ್ಮಾನಿಸಿದ್ದಳು. ನಾನು ಅವಳ ಫೋನಿಗೆ ನಾಲ್ಕು ಅಂಕಿಯ ಲಾಕ್ ಹಾಕಿಕೊಟ್ಟೆ. ಅವಳು ಹೋದ ಮೇಲೆ, ಎಂದಿನ ಹಾಗೆ, ಯೋಚನೆಯನ್ನೇ ಮಾಡದೆ ಆ ನಾಲ್ಕು ಅಂಕಿಗಳನ್ನು ಪುಸ್ತಕದಲ್ಲಿ ಚುಚ್ಚಿಟ್ಟೆ.

ಒಂದು ದಿನ ಅವಳು ಫೋನನ್ನು ಮನೆಯಲ್ಲಿ ಚಾರ್ಜಿಗೆ ಹಾಕಿ ಮರೆತು ಕ್ಲಾಸಿಗೆ ಬಂದಳು. ನಾನು ಒಳಗಿನ ಕೋಣೆಯಲ್ಲಿ ಪಾಠ ಮಾಡುತ್ತಿದ್ದೆ. ಆಫೀಸಿಗೆ ಫೋನ್ ಬಂತು, ಸಾಹೇಬರು ಎತ್ತಿದರು. ಹನುಮಂತ. “ಸಾಹೇಬ್ರ, ನಾ ರೇಣುಕಾನ ಅಣ್ಣರಿ. ಆಕಿ ಫೋನಿಗೆ ಏನೋ ಅರ್ಜೆಂಟ್ ಬಂದೈತಿ, ಲಾಕ್ ತೆಗಿಯಾಕ ಆಗವಲ್ದು.” ಸಾಹೇಬರಿಗೆ ಉಪಕಾರ ಮಾಡುವ ಉಮೇದು. ಪಾಠಕ್ಕೆ ಯಾಕೆ ತೊಂದರೆ ಎಂದು ಪಕ್ಕದ ಕೋಣೆಯಲ್ಲೇ ಇದ್ದ ಅವಳನ್ನು ಕರೆಯಲಿಲ್ಲ. ಕಪಾಟಿನಿಂದ ಪುಸ್ತಕ ತೆಗೆದು, ಬೆರಳಾಡಿಸಿ, ನಂಬರ್ ಓದಿ ಹೇಳಿದರು. ಸಂಜೆ ನನಗೆ ಅದನ್ನು ಹೆಮ್ಮೆಯಿಂದಲೇ ತಿಳಿಸಿದರು. ನೋಡಿದಿರಾ, ಪುಸ್ತಕ ಉಪಯೋಗಕ್ಕೆ ಬಂತು ಎಂದರು. ನಾನೂ ಹೂಂ ಎಂದೆ.

ಮೂರು ವಾರವಾದ ಮೇಲೆ ರೇಣುಕಾ ಹಾಸ್ಟೆಲಿಗೆ ತಾನೇ ಫೋನ್ ಮಾಡಿ ವಿಚಾರಿಸಿದಳು. ‘ಜಾಗ ಬೇಡ ಎಂದು ನೀವೇ ಬರೆದಿದ್ದೀರಲ್ಲ’ ಎಂಬ ಉತ್ತರ ಬಂತು. ಆ ದಿನ ಲಾಕ್ ತೆಗೆದ ಅಣ್ಣನೇ ಅವಳ ಹೆಸರಿನಲ್ಲಿ ಬರೆದು, ಬಂದಿದ್ದ ಇಮೇಲನ್ನು ಅಳಿಸಿದ್ದ. ನೇರ ನನ್ನ ಬಳಿ ಬಂದಳು. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಲಾಕಿಗೆ ಅವರ ಕಡೆ ಕೀಲಿ ಎನ್ನುತ್ತಾರೆ. “ಸರ್, ಕೀಲಿ ಯಾರಿಗಂತ ಹಾಕಿದ್ರಿ?” ಎಂದಷ್ಟೇ ಕೇಳಿದಳು. ಬೀಗ ಹಾಕಿಕೊಟ್ಟವನೂ ನಾನೇ, ಬೀಗದ ಕೈಯನ್ನು ಬಾಗಿಲ ಬಳಿ ಇಟ್ಟವನೂ ನಾನೇ. ನಾಚಿಕೆಯಿಂದ ಮುಖ ಬಿಸಿಯಾಯಿತು.

ಹನುಮಂತನೂ ಎರಡು ದಿನ ಬಿಟ್ಟು ಬಂದ. ಅವನ ಮೈಯಿಂದ ಸಿಮೆಂಟಿನ ವಾಸನೆ ಬರುತ್ತಿತ್ತು, ಕೆಲಸದಿಂದ ನೇರ ಬಂದಿರಬೇಕು. “ನಾ ಕೆಟ್ಟಾಂವ ಅಲ್ರಿ ಸರ್. ಕಣ್ಣಿಲ್ಲದ ಹುಡುಗಿ, ಇಷ್ಟ ದೊಡ್ಡ ಊರಾಗ ಒಬ್ಬಾಕಿ ಹ್ಯಾಂಗಿರ್ತಾಳ? ಅವ್ವಗ ನಾ ಮಾತ ಕೊಟ್ಟೇನಿ” ಎಂದ. ಅವನ ದನಿಯಲ್ಲಿ ಕಪಟವಿರಲಿಲ್ಲ. ಅದೇ ಕಷ್ಟ. ನಮ್ಮ ಗುಟ್ಟುಗಳನ್ನು ಕದಿಯುವವರು ಹೆಚ್ಚಾಗಿ ಕಳ್ಳರಲ್ಲ, ನಮಗೆ ರಸ್ತೆ ದಾಟಿಸುವವರು. ಹೊಸಬರು ಈ ಮಾತನ್ನು ನೆನಪಿಡಬೇಕು.

ಅವನು ಹೋದ ಮೇಲೆ ಪುಸ್ತಕವನ್ನು ಮೇಜಿನ ಮೇಲೆ ಬಿಡಿಸಿಕೊಂಡು ಕೂತೆ. ಬ್ರೈಲ್ ಅಳಿಸಲು ರಬ್ಬರ್ ಇಲ್ಲ. ಉಬ್ಬಿದ ಚುಕ್ಕಿಯನ್ನು ಉಗುರಿನಿಂದ ಒತ್ತಿ, ಕಾಗದಕ್ಕೆ ಸಮ ಮಾಡಬೇಕು. ಒಂದೊಂದೇ ಹೆಸರು, ಒಂದೊಂದೇ ನಂಬರು ಒತ್ತತೊಡಗಿದೆ. ಸದ್ದು ಕೇಳಿ ಸಾಹೇಬರು ಬಂದರು. “ಏನ್ ಕೆರಿಲಿಕ್ಕತ್ತೀರಿ?” ಹೇಳಿದೆ. ಅವರು ಕುರ್ಚಿ ಎಳೆದುಕೊಂಡು, “ನಂಬರ್ ಓದಿ ಹೇಳಿದಾಂವ ನಾನು. ಅರ್ಧ ಹಾಳಿ ನನಗ ಕೊಡ್ರಿ” ಎಂದರು. ಇಬ್ಬರು ಮುದುಕರು ಎರಡು ದಿನ ಉಗುರು ಸವೆಸಿದೆವು. ಸಪಾಟಾದ ಹಾಳೆಗಳನ್ನು ಎಸೆಯಲು ಮಾತ್ರ ಸಾಹೇಬರು ಬಿಡಲಿಲ್ಲ. ಗಟ್ಟಿ ಕಾಗದ, ಯಾವುದಕ್ಕಾದರೂ ಆದೀತು ಎಂದು ಕಟ್ಟು ಕಟ್ಟಿ ಇಟ್ಟರು.

ಪುಸ್ತಕ ಅಳಿಸಿದರೆ ಸಾಕಾಗುತ್ತಿರಲಿಲ್ಲ. ರೇಣುಕಾಳ ಫೋನು ಸಂತೆಯಾಗಿತ್ತು. ನಂಬರ್ ಸಿಕ್ಕ ಮೇಲೆ ಸೇರಿಸಿಕೊಂಡ ಅಣ್ಣನ ಬೆರಳಚ್ಚು ಅದರಲ್ಲಿತ್ತು, ಅವಳು ಎಲ್ಲಿದ್ದಾಳೆಂದು ಅವನ ಫೋನಿಗೆ ಹೇಳುವ ಏರ್ಪಾಡಿತ್ತು, ‘ಸಹಾಯಕ್ಕೆ’ ಎಂದು ಯಾರೋ ಹಾಕಿಕೊಟ್ಟ ಎರಡು ಆ್ಯಪ್‌ಗಳು ಪರದೆಯನ್ನು ಪೂರ್ತಿ ನೋಡುವ ಅನುಮತಿ ಪಡೆದು ಕೂತಿದ್ದವು. ಆಗ ಪರಿಚಯವಾದವಳು ಅಕ್ಷತಾ. ಪವಾಯಿಯ ಒಂದು ಕಂಪನಿಯಲ್ಲಿ ಎಂಜಿನಿಯರ್, ಇಲ್ಲೇ ಹುಟ್ಟಿ ಬೆಳೆದ ಉಡುಪಿ ಕಡೆಯವಳು. ಬಿಡುವಿನಲ್ಲಿ, ಬೇರೆ ಬೇರೆ ದೇಶಗಳ ಕೆಲವರ ಜೊತೆ ಸೇರಿ, ಖಾಸಗಿತನ ಕಾಪಾಡುವುದಕ್ಕೆಂದೇ ಒಂದು ಆಪರೇಟಿಂಗ್ ಸಿಸ್ಟಮ್ ಬರೆಯುತ್ತಿದ್ದಳು. ಫೋನಿನ ಒಳಗಿನದನ್ನೆಲ್ಲ ತೆಗೆದು ಇದನ್ನು ಹಾಕಿದರೆ, ಒಡೆಯರು ಬಿಟ್ಟು ಬೇರೆ ಯಾರೂ ಒಳಗೆ ಇಣುಕುವಂತಿಲ್ಲ. “ಸರ್, ನನ್ನ ಕನ್ನಡ ಥೋಡಾ ವೀಕ್ ಉಂಟು, ಆದ್ರೆ ಸಿಸ್ಟಮ್ ಏಕ್‌ದಮ್ ಸ್ಟ್ರಾಂಗ್” ಎಂದು ನಗುತ್ತ ಒಂದು ಫೋನ್ ನನ್ನ ಕೈಗಿಟ್ಟಳು.

ಸ್ಕ್ರೀನ್ ರೀಡರ್ ಶುರುಮಾಡುವ ಗುಂಡಿಗಳನ್ನು ಒತ್ತಿ ಹಿಡಿದೆ. ಫೋನು ಒಮ್ಮೆ ಅದುರಿತು. ಆಮೇಲೆ ನಿಶ್ಶಬ್ದ. “ಮಾತಾಡ್ತಾ ಇಲ್ಲವಲ್ಲ ಮಾರಾಯ್ತಿ?” ಎಂದೆ. ಅವಳು ಹುಡುಕಿ ನೋಡಿ, “ಸಾರಿ ಸರ್. ಸ್ಕ್ರೀನ್ ರೀಡರ್ ಇದೆ, ವಾಯ್ಸ್ ಹಾಕ್ಲಿಲ್ಲ. ಅದು ಬೇರೆ ಇನ್‌ಸ್ಟಾಲ್ ಮಾಡ್ಬೇಕು” ಎಂದಳು. ಬಾಯಿ ಕೊಟ್ಟಿದ್ದರು, ಸ್ವರ ಕೊಡಲು ಮರೆತಿದ್ದರು. ಸ್ವರ ಹಾಕಿಕೊಳ್ಳಬೇಕಾದರೆ ಪರದೆ ಕಾಣಬೇಕು. ಪರದೆ ಕಾಣುವಂತಿದ್ದರೆ ಸ್ವರ ಯಾಕೆ ಬೇಕಿತ್ತು? ನಾನು ನಕ್ಕುಬಿಟ್ಟೆ. ಅವಳಿಗೆ ಮಾತ್ರ ನಗು ಬರಲಿಲ್ಲ. ಪೆನ್ನು ತೆಗೆದು ಬರೆದುಕೊಂಡಳು.

ಅಲ್ಲಿಂದ ಎರಡು ತಿಂಗಳು ನಮ್ಮಿಬ್ಬರಿಗೆ ಅದೇ ಕೆಲಸ. ನಾನು ತಪ್ಪು ಹುಡುಕುವುದು, ಅವಳು ತಿದ್ದುವುದು. ಬೇರೆಯವರು ನೋಡಿ ಊಹಿಸದಿರಲಿ ಎಂದು ಲಾಕಿನ ಅಂಕಿಗಳು ಪ್ರತಿ ಸಲವೂ ಜಾಗ ಬದಲಿಸುವ ಏರ್ಪಾಡನ್ನು ಅವಳು ಅಭಿಮಾನದಿಂದ ತೋರಿಸಿದಳು. ಬೆರಳ ನೆನಪಿನಿಂದ ಒತ್ತುವವರಿಗೆ ಅದು ದಿನವೂ ಮನೆಯ ಮೆಟ್ಟಿಲು ಕಿತ್ತು ಬೇರೆಡೆ ಇಟ್ಟ ಹಾಗೆ ಎಂದು ಹೇಳಿ ಅದನ್ನು ತೆಗೆಸಿದೆ. ಸ್ಕ್ರೀನ್ ರೀಡರ್ ಹಾಕಿದಾಗಲೆಲ್ಲ, ‘ಈ ತಂತ್ರಾಂಶ ನಿಮ್ಮ ಪರದೆಯ ಎಲ್ಲವನ್ನೂ ನೋಡಬಹುದು, ಎಚ್ಚರ’ ಎಂಬ ಸೂಚನೆ ಬರುತ್ತಿತ್ತು. “ನೋಡಲಿ ಅಂತಲೇ ಇಟ್ಟುಕೊಂಡದ್ದು, ನನ್ನ ಕಣ್ಣಿಗೇ ನನ್ನನ್ನು ಹೆದರಿಸ್ತೀಯಲ್ಲ” ಎಂದೆ. ಆದರೆ ಆ ಎಚ್ಚರಿಕೆಯಲ್ಲೂ ಸತ್ಯವಿತ್ತು. ಆ ಒಂದು ಅನುಮತಿಯ ಬಾಗಿಲಿಂದಲೇ ರೇಣುಕಾಳ ಹಳೆಯ ಫೋನಿಗೆ ಊರವರೆಲ್ಲ ನುಗ್ಗಿದ್ದರು. ಹಾಗಾಗಿ ಸಿಸ್ಟಮಿನದೇ ಸ್ಕ್ರೀನ್ ರೀಡರಿಗೆ ಮಾತ್ರ ಬಾಗಿಲು, ಬೇರೆ ಯಾವುದಕ್ಕೂ ಇಲ್ಲ ಎಂದು ಇಬ್ಬರೂ ಒಪ್ಪಿದೆವು.

ಸ್ವರದ ಆಯ್ಕೆ ರೇಣುಕಾಳದ್ದು. ಒಂದು ಕನ್ನಡ ಸ್ವರ ಸಕ್ಕರೆಯಂತಿತ್ತು. ಆದರೆ ಅದು ಓದಬೇಕಾದ ಪ್ರತಿ ಮಾತನ್ನೂ ಇಂಟರ್ನೆಟ್ಟಿನಲ್ಲಿ ಎಲ್ಲಿಗೋ ಕಳಿಸಿ, ಅಲ್ಲಿಂದ ದನಿ ತರಿಸಿಕೊಂಡು ಓದುತ್ತಿತ್ತು. ಇನ್ನೊಂದು ಫೋನಿನೊಳಗೇ ಕೂತು ಓದುವಂಥದ್ದು, ಗಂಟಲಲ್ಲಿ ಹರಳು ಸಿಕ್ಕಿದಂಥ ದನಿ. ಎರಡನ್ನೂ ಕೇಳಿಸಿದೆ. “ಒರಟ ಇರ್ಲಿ ತಗೋರಿ. ಚಾಡಿ ಹೇಳಂಗಿಲ್ಲಲ್ಲ” ಎಂದಳು.

ಹೊಸ ಸಿಸ್ಟಮ್ ಹಾಕಿದ ಫೋನನ್ನು ಅವಳ ಕೈಗೆ ಕೊಟ್ಟ ದಿನ, ಆರು ಅಂಕಿಯ ನಂಬರನ್ನು ಅವಳೇ ಮೂಲೆಗೆ ಹೋಗಿ ಹಾಕಿಕೊಂಡಳು. ನಾನು ಕೇಳಲಿಲ್ಲ. ಕೇಳದಿರುವುದಕ್ಕೆ ಎಷ್ಟು ಪ್ರಯತ್ನ ಬೇಕಾಯಿತು ಎಂದರೆ, ಮರೆತರೆ ಏನು ಗತಿ ಎಂಬ ಮಾತು ಮೂರು ಸಲ ತುಟಿಯವರೆಗೆ ಬಂತು. ಅವಳು ಹಾಸ್ಟೆಲಿಗೆ ಮತ್ತೆ ಅರ್ಜಿ ಹಾಕಿದಳು. ಈ ಫೋನನ್ನು ಮನೆಗೆ ಒಯ್ಯುತ್ತಿರಲಿಲ್ಲ, ಆಸ್ಪತ್ರೆಯ ಲಾಕರಿನಲ್ಲಿ ಇಡುತ್ತಿದ್ದಳು.

ಒಂದು ಶುಕ್ರವಾರ ಹಾಸ್ಟೆಲಿನವರು ಅವಳ ಟೆಲಿಫೋನ್ ಬೋರ್ಡಿಗೇ ಕರೆ ಮಾಡಿ, ನಾಳೆ ರಾತ್ರಿಯೊಳಗೆ ಇಮೇಲ್ ಬರುತ್ತದೆ, ಸೋಮವಾರ ಸಂಜೆ ಐದರೊಳಗೆ ಉತ್ತರ ಬರೆಯಬೇಕು ಎಂದರು. ಸೋಮವಾರ ಹನ್ನೊಂದಕ್ಕೆ ಅವಳು ರಜೆ ಹಾಕಿ ಕೇಂದ್ರಕ್ಕೆ ಬಂದಳು. ಕೋಲಿನ ಸದ್ದಿನಲ್ಲೇ ಗಾಬರಿ ತಿಳಿಯುತ್ತಿತ್ತು. “ಎಂತ ಆಯ್ತು?” ಎಂದೆ. “ಮಾತಾಡವಲ್ದ್ರಿ ಸರ್. ಶನಿವಾರ ಲಾಕರಿನ್ಯಾಗ ಇಟ್ಟೆ, ಈ ಸಲ ಅಷ್ಟ ಐತವಾರ ಡ್ಯೂಟಿ ಇರಲಿಲ್ಲ. ಇವತ್ತ ತಗದ್ರ ಸತ್ತಂಗೈತಿ. ಮುಟ್ಟಿದ್ರ ಟಿಕ್ ಅಂತ ಅದುರ್ತೈತಿ, ದನಿ ಇಲ್ಲ.”

ಅಕ್ಷತಾಳಿಗೆ ಫೋನ್ ಹಚ್ಚಿದೆ. ಕೇಳಿಸಿಕೊಂಡವಳು, “ಅಯ್ಯೋ ಸರ್, ಮೇರಾ ಮಿಸ್ಟೇಕ್” ಎಂದಳು. ಅವಳು ಹೇಳಿದ್ದರ ಸಾರ ಇಷ್ಟು. ತುಂಬ ಹೊತ್ತು ಯಾರೂ ತೆರೆಯದಿದ್ದರೆ ಫೋನು ತಾನಾಗಿಯೇ ರೀಸ್ಟಾರ್ಟ್ ಆಗಿ ಎಲ್ಲವನ್ನೂ ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ. ಕದ್ದವರಿಗೆ ಸಿಗದಿರಲಿ ಎಂದು ಮಾಡಿದ ಏರ್ಪಾಡು. ಆದರೆ ನಾವು ಮೇಲಿನಿಂದ ಹಾಕಿದ ಸ್ವರವೂ ಆ ಬೀಗದ ಒಳಗೇ ಇತ್ತು. ನಂಬರ್ ಒತ್ತುವವರೆಗೆ ಸ್ವರ ಹೊರಗೆ ಬರುವಂತಿಲ್ಲ. ಸ್ವರವಿಲ್ಲದೆ ನಂಬರ್ ಒತ್ತುವುದು ಹೇಗೆ? ಎರಡು ತಿಂಗಳು ಪರೀಕ್ಷೆ ಮಾಡಿದ ನಾವು ಆ ಫೋನನ್ನು ಒಂದು ದಿನವೂ ಕೈಯಿಂದ ಕೆಳಗಿಟ್ಟಿರಲಿಲ್ಲ. ಹಾಗಾಗಿ ಈ ಮೌನ ನಮಗೆ ಸಿಕ್ಕಿರಲೇ ಇಲ್ಲ. ಹೊಸಬರೇ, ಯಾವ ಫೋನನ್ನಾದರೂ ಕುರುಡರ ಕೈಗೆ ಕೊಡುವ ಮೊದಲು ಎರಡು ದಿನ ಪೆಟ್ಟಿಗೆಯಲ್ಲಿಟ್ಟು ಮರೆತುಬಿಡಿ. ಮರೆತ ಮೇಲೆ ಅದು ಏನು ಮಾಡುತ್ತದೆಂದು ನೋಡಿ. ಅಕ್ಷತಾಳ ಬಳಗ ಆಮೇಲೆ ಸ್ವರವನ್ನು ಸಿಸ್ಟಮಿನೊಳಗೇ ಕೂರಿಸಿ, ಬೀಗ ತೆರೆಯುವ ಮೊದಲೂ ಅದು ಮಾತಾಡುವಂತೆ ಮಾಡಿತು. ಆದರೆ ಅಂದಿನ ಸೋಮವಾರಕ್ಕೆ ಅದು ಒದಗುವಂತಿರಲಿಲ್ಲ.

ಇಮೇಲನ್ನು ಕೇಂದ್ರದ ಕಂಪ್ಯೂಟರಿನಲ್ಲಿ ತೆರೆಯೋಣವೆಂದರೆ ಅದಕ್ಕೆ ಬೇಕಾದ ಕೋಡ್ ಬರುವುದೂ ಇದೇ ಫೋನಿಗೆ. ರೇಣುಕಾ ಎರಡು ಸಲ ಅಂದಾಜಿನಲ್ಲಿ ಒತ್ತಿ ನೋಡಿದ್ದಳಂತೆ, ಆಗಲಿಲ್ಲ. ತಪ್ಪು ಹೆಚ್ಚಾದಷ್ಟೂ ಫೋನು ಕಾಯಿಸುವ ಹೊತ್ತು ಹೆಚ್ಚಾಗುತ್ತದೆ ಎಂದು ಅಕ್ಷತಾ ಎಚ್ಚರಿಸಿದಳು. ಸಾಹೇಬರು ಬಂದು, “ಪ್ಯೂನ್ ಹೊರಗ ಅದಾನ. ಕಣ್ಣಿದ್ದಾಂವ. ನಂಬರ್ ಹೇಳು, ಒತ್ತಿ ಕೊಡ್ತಾನ, ಅರ್ಧ ನಿಮಿಷದ ಕೆಲಸ” ಎಂದರು. ರೇಣುಕಾ ಫೋನನ್ನು ಎದೆಗೆ ಒತ್ತಿಕೊಂಡದ್ದು ಬಳೆಯ ಸದ್ದಿನಿಂದ ತಿಳಿಯಿತು. “ಜಾಗ ಹೋದ್ರ ಹೋಗ್ಲಿರಿ. ನಂಬರ್ ಹೇಳಾಂಗಿಲ್ಲ” ಎಂದಳು. ಸಾಹೇಬರು ಗಂಟಲು ಸರಿಮಾಡಿಕೊಂಡು, ತಪ್ಪಾಯಿತು ಎಂದರು. ಅವರ ಬಾಯಿಂದ ಆ ಮಾತು ನಾನು ಕೇಳಿದ್ದು ಆ ಒಂದು ಸಲವೇ.

ಆಗ ನನಗೆ ಹೊಳೆದದ್ದು ಕಂಪ್ಯೂಟರಿನ ವಿದ್ಯೆಯಲ್ಲ, ಸಹಿಯ ಕಿಟಕಿ. ಪರೀಕ್ಷೆಗೆಂದು ಅಕ್ಷತಾ ಕೊಟ್ಟಿದ್ದ ಅದೇ ಮಾದರಿಯ ಫೋನು ನನ್ನ ಮೇಜಿನಲ್ಲಿತ್ತು. ಅದನ್ನು ಬೆಳಿಗ್ಗೆಯಷ್ಟೇ ತೆರೆದು ಮುಚ್ಚಿದ್ದರಿಂದ ಅದರ ಲಾಕ್ ಪರದೆ ಮಾತಾಡುತ್ತಿತ್ತು. ಸಾಹೇಬರು ಕಟ್ಟಿಟ್ಟಿದ್ದ ಕಟ್ಟಿನಿಂದ ಒಂದು ಸಪಾಟು ಹಾಳೆ ತೆಗೆದು ಫೋನಿನ ಅಳತೆಗೆ ಕತ್ತರಿಸಿದೆ. ಮಾತಾಡುವ ಫೋನಿನ ಮೇಲೆ ಬೆರಳಿಟ್ಟು, ‘ಒಂದು’ ಎಂದಲ್ಲಿ ನಿಲ್ಲಿಸಿ, ಅದು ಎಡ ಅಂಚಿನಿಂದ, ಮೇಲಿನ ಅಂಚಿನಿಂದ ಎಷ್ಟು ದೂರ ಎಂದು ಬ್ರೈಲ್ ಚುಚ್ಚಲು ಬಳಸುವ ಸ್ಲೇಟುಪಟ್ಟಿಯ ಕಿಂಡಿಗಳನ್ನು ಎಣಿಸಿ ಅಳೆದೆ. ಹತ್ತು ಅಂಕಿಗೆ ಹತ್ತು ತೂತು, ನಂಬರ್ ಮುಗಿದ ಮೇಲೆ ಒತ್ತುವ ಗುಂಡಿಗೆ ಇನ್ನೊಂದು. ಮೊದಲ ಹಾಳೆಯಲ್ಲಿ ಎರಡನೇ ಸಾಲು ತಪ್ಪಿತು. ಎರಡನೆಯದು ಅವಸರದಲ್ಲಿ ಹರಿಯಿತು. ಮೂರನೆಯದು ಸರಿಬಂದಾಗ ಗಡಿಯಾರ ಮೂರೂವರೆ ಹೊಡೆಯಿತು. ಊಟ ಯಾರಿಗೂ ನೆನಪಾಗಲಿಲ್ಲ.

ಹಾಳೆಯನ್ನು ರೇಣುಕಾಳ ಕೈಗೆ ಕೊಟ್ಟು, ಮಾತಾಡುವ ಫೋನಿನ ಮೇಲೆ ಎರಡು ಸಲ ಅಭ್ಯಾಸ ಮಾಡಿಸಿದೆ. ಆಮೇಲೆ ಎದ್ದು ಹೊರಟೆ. “ಎಲ್ಲಿ ಹೊಂಟ್ರಿ ಸರ್? ನಿಮಗೇನ್ ಕಾಣತೈತಿ?” ಎಂದು ಆ ಗಾಬರಿಯಲ್ಲೂ ನಕ್ಕಳು. “ಕಾಣೂದಿಲ್ಲ ಮಗಾ, ಕೇಳ್ತದೆ. ಬೆರಳು ಎಲ್ಲಿಂದ ಎಲ್ಲಿಗೆ ಹೋಯ್ತು ಅಂತ ಸದ್ದಲ್ಲೇ ಎಣಿಸಿಯೇನು. ಮೂವತ್ತು ವರ್ಷದ ಕಿವಿ ಇದು” ಎಂದೆ. ಸಾಹೇಬರ ತೋಳು ಹಿಡಿದು ಅವರನ್ನೂ ಎಬ್ಬಿಸಿದೆ. ಬಾಗಿಲು ಮುಚ್ಚಿ ಇಬ್ಬರೂ ಕಾರಿಡಾರಿನ ಬೆಂಚಿನಲ್ಲಿ ಕೂತೆವು.

ಮಕ್ಕಳ ಪರೀಕ್ಷೆಯ ಫಲಿತಾಂಶಕ್ಕೂ ನಾನು ಹಾಗೆ ಕಾದವನಲ್ಲ. ಕೆಳಗೆ ಬಸ್ಸಿನ ಹಾರ್ನು, ವಡಾದ ಬಾಣಲೆಯ ಚುರ್ ಸದ್ದು. ಇಷ್ಟು ವರ್ಷ ಯಾರಿಗೆ ಏನು ಬೇಕಾದರೂ ನಂಬರ್ ನನ್ನ ಬಳಿ ಇರುತ್ತಿತ್ತು. ಅಂದು ಇರಲಿಲ್ಲ. ಇದ್ದಿದ್ದರೆ ಬೆಳಿಗ್ಗೆಯೇ ಕೆಲಸ ಮುಗಿಯುತ್ತಿತ್ತಲ್ಲ ಎಂಬ ಹಾಳು ಯೋಚನೆ ಒಮ್ಮೆ ಬಂದು ಹೋಯಿತು. ಸಾಹೇಬರು ಪಕ್ಕದಲ್ಲಿ ತಮ್ಮ ಬ್ರೈಲ್ ಗಡಿಯಾರದ ಮುಚ್ಚಳ ತೆಗೆಯುವುದು, ಮುಳ್ಳು ಮುಟ್ಟುವುದು, ಮುಚ್ಚುವುದು, ಮತ್ತೆ ತೆಗೆಯುವುದು ಮಾಡುತ್ತಲೇ ಇದ್ದರು.

ನಾಲ್ಕು ಹತ್ತಕ್ಕೆ ಒಳಗಿನಿಂದ ಆ ಒರಟು ದನಿ ಕೇಳಿತು. ಒಂದೇ ಒಂದು ಪದ ಹೇಳಿರಬೇಕು, ಕೂಡಲೇ ನಿಂತಿತು. ಇಯರ್‌ಫೋನ್ ಸಿಕ್ಕಿಸಿಕೊಂಡಳು. ಸಾಹೇಬರು ನನ್ನ ತೊಡೆ ಗಟ್ಟಿಯಾಗಿ ಹಿಸುಕಿದರು. ಓದುತ್ತಿದ್ದಾಳೆ, ಬರೆಯುತ್ತಿದ್ದಾಳೆ, ಮತ್ತೆ ಓದುತ್ತಿದ್ದಾಳೆ ಎಂದು ನಾನೇ ಊಹಿಸಿಕೊಂಡೆ. ಬಾಗಿಲು ತೆರೆದು ಹೊರಗೆ ಬಂದಾಗ ‘ಏನಂತೆ?’ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಕಷ್ಟಪಟ್ಟು ನುಂಗಿದೆ. ಸಾಹೇಬರೂ ನುಂಗಿದರು.

ಅವಳು ತೂತಿನ ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ಕೋಲು ಬಿಡಿಸಿದಳು. “ಅಣ್ಣಗ ಹೇಳಾಕ ಹೊಂಟೇನ್ರಿ. ನಾನ ಹೇಳ್ತೇನಿ, ಮೊದ್ಲ” ಎಂದಳು. ಎರಡು ಮೆಟ್ಟಿಲು ಇಳಿದವಳು ನಿಂತು ತಿರುಗಿದಳು.

“ಸರ್, ಒಂದನೇ ತಾರೀಖಿನಿಂದ ನನ್ನ ಅಡ್ರೆಸ್ ಬ್ಯಾರೆ ಆಗತೈತ್ರಿ. ಪುಸ್ತಕದಾಗ ಬರಕೊಂಡ್ ಗಿರಕೊಂಡೀರಿ ಮತ್ತ.”